ಪೂರಿ ಮಾಸ್ಟರ್ ಸದಾನಂದರ ರೊಟ್ಟಿ

ಚೆನ್ನೈಯ ವಡಪಳನಿಯ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸದಾನಂದ ಇಪ್ಪತ್ತೆಂಟು ವರ್ಷಗಳಿಂದ ಪೂರಿ ಮಾಸ್ಟರ್. ಉಡುಪಿ ಕಡೆಯಿಂದ ಬಂದವರು. ಹತ್ತಿರದ ಸಿನಿಮಾ ಸ್ಟುಡಿಯೋದ ಲೈಟ್‌ಮನ್‌ಗಳು ಅವರ ಪೂರಿಯನ್ನೇ ಕೇಳಿ ತಿನ್ನುತ್ತಿದ್ದರು. ಆದರೆ ಆರು ವರ್ಷಗಳಿಂದ ಮಾಸ್ಟರ್ ಮಾತ್ರ ಅದನ್ನು ಬಾಯಿಗಿಟ್ಟಿರಲಿಲ್ಲ. ಒಂದು ತಿಂದರೆ ಸಾಕು, ಹೊಟ್ಟೆ ಪೂರಿಯಂತೆಯೇ ಉಬ್ಬುತ್ತಿತ್ತು. ಪರೀಕ್ಷೆ ಮಾಡಿಸಿದ ಡಾಕ್ಟರು, ಇದು ಗೋಧಿಯ ಅಂಟಿನಿಂದ ಕರುಳೇ ಕೆಡುವ ಸೀಲಿಯಾಕ್ ಕಾಯಿಲೆಯಲ್ಲ, ನಿಮಗೆ ಗೋಧಿ ಒಗ್ಗುವುದಿಲ್ಲ ಅಷ್ಟೇ ಎಂದಿದ್ದರು. ಅಂದಿನಿಂದ ಮೂರು ಹೊತ್ತೂ ಅನ್ನ.

ಒಂದು ದಿನ ಹೆಂಡತಿ ತುಂಗಾ ಅಂಗಡಿಯಿಂದ ಕೆಂಪನೆಯ ಹಿಟ್ಟು ತಂದರು.

"ಸಂಬಾ ಗೋಧಿ. ಹಳೇ ಕಾಲದ್ದಂತೆ. ಕೆಲವರಿಗೆ ಇದು ಒಗ್ಗುತ್ತದಂತೆ."

"ಗೋಧಿ ಅಂದ್ರೆ ಗೋಧಿಯೇ ಅಲ್ವಾ ಮಾರಾಯ್ತಿ?"

ತುಂಗಾ ಬಿಡಲಿಲ್ಲ, ಡಾಕ್ಟರಿಗೇ ಫೋನ್ ಮಾಡಿಸಿದರು. ಸೀಲಿಯಾಕ್ ಇದ್ದಿದ್ದರೆ ಇದೂ ಬೇಡ ಅನ್ನುತ್ತಿದ್ದೆ, ನೀವು ಸ್ವಲ್ಪ ತಿಂದು ನೋಡಬಹುದು ಎಂದರು ಅವರು.

ಸದಾನಂದ ಉತ್ಸಾಹದಿಂದ ಹಿಟ್ಟು ಕಲಸಿದರು. ಅದು ಹಿಗ್ಗಲೊಲ್ಲದು, ಲಟ್ಟಿಸಿದರೆ ಅಂಚೆಲ್ಲ ಬಿರುಕು. ಎಣ್ಣೆಗೆ ಬಿಟ್ಟ ಪೂರಿ ಚಪ್ಪಟೆಯಾಗಿಯೇ ತೇಲಿತು.

"ಅಪ್ಪಾ, ಇದು ಪೂರಿಯಾ, ಅಪ್ಪಳಮಾ?" ಪೂರಿಯೋ ಹಪ್ಪಳವೋ ಎಂದು ಮಗಳು ಅನ್ವಿತಾ ತಮಿಳಿನಲ್ಲಿ ಕೇಳಿ ಬಿದ್ದು ಬಿದ್ದು ನಕ್ಕಳು. ಸದಾನಂದರಿಗೂ ನಗು ತಡೆಯಲಾಗಲಿಲ್ಲ.

ಮರುದಿನ ಬಿಸಿನೀರಿನಲ್ಲಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಬಾಳೆಲೆಯ ಮೇಲೆ ಕೈಯಿಂದ ತಟ್ಟಿ, ಕಾವಲಿಯಲ್ಲಿ ದಪ್ಪ ರೊಟ್ಟಿ ಬೇಯಿಸಿದರು. ಅರ್ಧ ರೊಟ್ಟಿ ತಿಂದು ಕಾದರು. ಸಂಜೆಯವರೆಗೂ ಹೊಟ್ಟೆ ತೆಪ್ಪಗಿತ್ತು! ಒಂದು ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಎರಡು ರೊಟ್ಟಿಗೆ ಬಂದರು. ಆಸೆಗೆ ನಾಲ್ಕು ತಿಂದ ದಿನ ಹೊಟ್ಟೆ ಗೊಣಗಿತು. ಎರಡೇ ಸರಿ ಎಂದು ಒಪ್ಪಿಕೊಂಡರು.

ಸುದ್ದಿ ಕೇಳಿದ ಹೋಟೆಲ್ ಯಜಮಾನ ಮಧುಸೂದನ್ ಭಾನುವಾರ ಹೋಟೆಲಿನಲ್ಲೂ ಆ ರೊಟ್ಟಿ ಮಾಡಿಸಲು ಹೊರಟರು. "ಹೊಟ್ಟೆಗೆ ಒಳ್ಳೇದು ಅಂತ ಬೋರ್ಡ್ ಹಾಕುವನಾ?"

"ಬೇಡ ಧಣಿ. ನನ್ನ ಹೊಟ್ಟೆಗೆ ಆಯ್ತು ಅಂತ ಎಲ್ಲರಿಗೂ ಆಗ್ತದಾ? ರುಚಿ ಉಂಟು ಅಂತ ಬರೀರಿ, ಸಾಕು."

ಆ ಭಾನುವಾರ ಜನಸಂದಣಿ ಕರಗಿದ ಮೇಲೆ ಯಜಮಾನರು ಸದಾನಂದರನ್ನು ಅಡುಗೆಮನೆಯಿಂದ ಕರೆದು, ಗಿರಾಕಿಗಳ ಮೇಜಿಗೆ ಕೂರಿಸಿದರು. ಸರ್ವರ್ ರೂಪೇಶ್ ಬಾಳೆಲೆ ಹಾಸಿ, ಗಂಭೀರವಾಗಿ ಕೇಳಿದ:

"ಸಾರ್, ಎಂತ ಬೇಕು?"

"ಎರಡು ರೊಟ್ಟಿ, ಸಾಗು ಜಾಸ್ತಿ. ಬೇಗ ತಾ ಮಾರಾಯ, ಹಸಿವಾಗ್ತಾ ಉಂಟು!"