ಎಂಟು ಮನೆ ಉಳಿಸಿದ ರೈಟರು

ಕಳೆದ ವಾರ ಸಕಲೇಶಪುರದ ಸಂತೆಯಲ್ಲಿ ಒಬ್ಬ ಹೆಂಗಸು ಆಗಷ್ಟೇ ಕಿತ್ತು ತಂದ ಶುಂಠಿಯನ್ನು ಗೋಣಿಚೀಲದ ಮೇಲೆ ಸುರಿದುಕೊಂಡು ಕುಳಿತಿದ್ದಳು. ತೊಳೆದಿರಲಿಲ್ಲ. ಗೆಣ್ಣುಗಳ ಸಂದಿಯಲ್ಲಿ ಕೆಂಪು ಮಣ್ಣು ಹಾಗೇ ಅಂಟಿತ್ತು. ಒಂದು ತುಂಡು ಮುರಿದು ಮೂಗಿನ ಹತ್ತಿರ ಹಿಡಿದೆ. ಖಾರದ ಜೊತೆಗೆ ಹಸಿ ಮಣ್ಣಿನ ವಾಸನೆ... ಕೊಳ್ಳುವುದನ್ನೇ ಮರೆತು ನಿಂತುಬಿಟ್ಟೆ.

"ತಗಳ್ಳಿ ಅಕ್ಕ, ಬರೀ ಮೂಸಿದ್ರೆ ಸಾರಿಗೆ ರುಚಿ ಬರಾಕಿಲ್ಲ" ಎಂದಳು ಆಕೆ.

ನಗು ಬಂತು. ಆದರೆ ಆ ಹೊತ್ತಿಗೆ ಕಣ್ಣ ಮುಂದೆ ಇದ್ದವರು ಬೇರೆಯೇ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಶುಂಠಿ ಹೊಲದ ಸಾಲಿನಲ್ಲಿ ಬಗ್ಗಿ ನಿಂತಿದ್ದ ನಮ್ಮ ತೋಟದ ರೈಟರು.

ಬೆಳಗ್ಗೆ ಸ್ಟೋರಿನ ಮುಂದೆ ಆಳುಗಳ ಹಾಜರಿ ಹಾಕಿ, ಯಾರು ಯಾವ ಕೆಲಸಕ್ಕೆ ಎಂದು ಹಂಚಿ, ಸಂಜೆಯವರೆಗೆ ಅವರ ಜೊತೆಯಲ್ಲೇ ತೋಟ ಸುತ್ತುವುದು ರೈಟರ ಕೆಲಸ. ನಾನು ಮದುವೆಯಾಗಿ ಬರುವುದಕ್ಕೆ ಮೊದಲೇ ಅವರು ನಮ್ಮ ತೋಟದಲ್ಲಿದ್ದರು. ಆಲೂರು ತಾಲ್ಲೂಕಿನ ಕೆ. ಹೊಸಕೋಟೆ ಕಡೆಯವರು. ಸಣಕಲು ಮೈ, ಕಿವಿಯ ಮೇಲೆ ಪೆನ್ಸಿಲ್, ಅಂಗಿಯ ಕಾಲರಿಗೆ ಹಿಂದಿನಿಂದ ಸಿಕ್ಕಿಸಿಕೊಂಡ ಛತ್ರಿ. ಎರಡೂ ಕೈ ಯಾವಾಗಲೂ ಖಾಲಿ ಇರಬೇಕು ಅವರಿಗೆ. ನಡೆಯುತ್ತಲೇ ಒಂದು ಒಣಕಡ್ಡಿ ಮುರಿಯುವುದು, ಬಾಗಿದ ಗಿಡವೊಂದನ್ನು ನೆಟ್ಟಗೆ ಮಾಡುವುದು ನಡೆದೇ ಇರುತ್ತಿತ್ತು.

ನಾನು ಕಾನ್ವೆಂಟಿನಲ್ಲಿ ಓದಿದವಳು. ಹಾಸನದಲ್ಲಿ ಬೆಳೆದವಳು. ಅರೇಬಿಕಾ ಯಾವುದು, ರೋಬಸ್ಟಾ ಯಾವುದು ಎಂದು ಗೊತ್ತಿಲ್ಲದೆ ತೋಟದ ಮನೆಗೆ ಬಂದಿದ್ದೆ. ಮನೆಯವರೆಲ್ಲ ನಕ್ಕಾಗ ನಗದೆ ಇದ್ದವರು ರೈಟರೊಬ್ಬರೇ. "ಅಮ್ಮಾರೆ, ಎಲೆ ಸಣ್ಣಕ್ಕಿದ್ರೆ ಅರೇಬಿಕಾ, ಅಗಲಕ್ಕಿದ್ರೆ ರೋಬಸ್ಟಾ. ಅಷ್ಟು ಗೊತ್ತಾದ್ರೆ ಅರ್ಧ ತೋಟ ಗೊತ್ತಾದಂಗೆ" ಎಂದಿದ್ದರು. ಉಳಿದರ್ಧ ಇಷ್ಟು ವರ್ಷವಾದರೂ ಪೂರ್ತಿ ಗೊತ್ತಾಗಿಲ್ಲ, ಅದು ಬೇರೆ ಮಾತು.

ಈ ಶತಮಾನದ ಮೊದಲ ವರ್ಷಗಳಲ್ಲಿ ಕಾಫಿ ಬೆಲೆ ಬಿತ್ತು. ಮೊದಲ ವರ್ಷ ಎಲ್ಲರೂ "ಮುಂದಿನ ವರ್ಷ ಏರ್ತದೆ ಬಿಡಿ" ಎಂದರು. ಎರಡನೇ ವರ್ಷ ಹಾಗೆನ್ನುವವರು ಕಡಿಮೆಯಾದರು. ಮೂರನೇ ವರ್ಷ ಆ ಮಾತನ್ನು ಯಾರೂ ಎತ್ತಲಿಲ್ಲ. ಮದುವೆ ಮನೆಗಳಿಗೆ ಒಂದೇ ಜೀಪಿನಲ್ಲಿ ಎರಡು ಮೂರು ಮನೆಯವರು ಬಂದಿಳಿಯುತ್ತಿದ್ದರು. ಊಟಕ್ಕೆ ಕುಳಿತಾಗ ಹೆಂಗಸರು ಸೀರೆಯ ಮಾತು ಬಿಟ್ಟು ಸಾರಿನ ರುಚಿಯ ಮಾತಾಡುತ್ತಿದ್ದರು. ತೋಟದ ನೆರಳಿನ ಸಿಲ್ವರ್ ಮರಗಳು ಲಾರಿಗಳಲ್ಲಿ ಘಾಟಿ ಇಳಿಯುತ್ತಿದ್ದವು. ಪಕ್ಕದ ಎಸ್ಟೇಟಿನವರು ತಮ್ಮ ಆಳುಗಳನ್ನೆಲ್ಲ ಕಳಿಸಿಬಿಟ್ಟರು. ಅವರ ಲೈನಿನ, ಅಂದರೆ ಆಳುಗಳ ಸಾಲುಮನೆಗಳ, ಹೆಂಚಿನ ಮೇಲೆ ಬೆಳಗಿನ ಹೊಗೆ ಏಳುವುದು ನಿಂತದ್ದು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು.

ನಮ್ಮ ಲೈನಿನಲ್ಲಿ ಎಂಟು ಮನೆ. ಒಂದು ಬೆಳಗ್ಗೆ ತಿಂಡಿಯಾದ ಮೇಲೆ ಯಜಮಾನರು ನನ್ನೆದುರು ಒಂದು ಬಿಳಿ ಹಾಳೆ ಇಟ್ಟರು. ನಾಲ್ಕು ಮನೆಯವರನ್ನು ಕಳಿಸುವುದೆಂದು ತೀರ್ಮಾನಿಸಿದ್ದರು. "ನಿನ್ನಕ್ಷರ ಚೆನ್ನಾಗೈತೆ, ಬರ್ಕೊಡು" ಎಂದರು. ಅವರು ಹೇಳಿದ ನಾಲ್ಕು ಹೆಸರುಗಳನ್ನು ಬರೆದೆ. ಸಿಸ್ಟರುಗಳು ಕಲಿಸಿದ್ದ ದುಂಡಗಿನ ಅಕ್ಷರ... ಬರೆದು ಮುಗಿಸಿ, ಮೇಲೆ 'ಪಟ್ಟಿ' ಎಂಬ ಪದದ ಕೆಳಗೆ ಸ್ಕೇಲಿಟ್ಟು ಗೆರೆಯನ್ನೂ ಎಳೆದೆ. ಯಾಕೆ ಎಳೆದೆನೋ. ಈಗಲೂ ಆ ಗೆರೆ ನೆನಪಾದರೆ ನಾಚಿಕೆಯಾಗುತ್ತದೆ.

ರೈಟರು ಬಂದು ಹಾಳೆಯನ್ನು ಎರಡು ಸಲ ಓದಿದರು. ಮಡಚಿ ಜೇಬಿಗೆ ಹಾಕಿಕೊಂಡರು.

"ಗೌಡ್ರೆ, ಇದ್ನ ಲೈನಲ್ಲಿ ಹೇಳೋಕ್ ಮುಂಚೆ ನಂಗೆ ಮೂರು ದಿನ ಕೊಡಿ."

"ಮೂರು ದಿನಕ್ಕೆ ಕಾಫಿ ರೇಟ್ ಏರ್ಬುಡ್ತದೇನ್ರಿ?"

"ರೇಟ್ ಏರಾಕಿಲ್ಲ. ಆದ್ರೆ ರೇಟು ಒಂದಲ್ಲ ಒಂದಿನ ವಾಪಸ್ ಬತ್ತದೆ. ಕಳಿಸಿದ ಜನ ಬರಾಕಿಲ್ಲ."

ಯಜಮಾನರು ಪೇಪರ್ ಬಿಡಿಸಿಕೊಂಡರು. ಅದೇ ಒಪ್ಪಿಗೆ ಎಂದುಕೊಂಡು ರೈಟರು ಮೆಟ್ಟಿಲಿಳಿದರು.

ಮೂರನೇ ದಿನ ಮಧ್ಯಾಹ್ನ ಅವರು ಕುಂದೂರಿನ ಬಸ್ಸಿಳಿದು ಬಂದಾಗ ಅವರ ಕ್ಯಾನ್ವಾಸ್ ಶೂಗಳಿಗೆ ನಮ್ಮ ತೋಟದ್ದಲ್ಲದ ಕೆಂಪು ಮಣ್ಣು ಮೆತ್ತಿತ್ತು. ಆ ಕಡೆ ಕೇರಳದವರು ಹೊಲಗಳನ್ನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಿದ್ದರು. ಅವರಿಗೆ ಜನ ಬೇಕಿತ್ತು. ರೈಟರು ಹೇಳಿದ ಉಪಾಯ ಸರಳವಾಗಿತ್ತು. ಎಂಟು ಮನೆಯೂ ಇರಲಿ. ವಾರದಲ್ಲಿ ಮೂರು ದಿನ ನಮ್ಮ ತೋಟ, ಮೂರು ದಿನ ಶುಂಠಿ ಹೊಲ.

ಯಜಮಾನರ ಮುಖ ಕೆಂಪಾಯಿತು. ನಮ್ಮ ಕಡೆ ಅದೊಂದು ಮರ್ಯಾದೆಯ ಪ್ರಶ್ನೆ. ಲೈನಿನ ಆಳನ್ನು ಕಳಿಸಿಬಿಟ್ಟರೆ ಯಾರೂ ಏನೂ ಅನ್ನುವುದಿಲ್ಲ, ಇನ್ನೊಬ್ಬರ ಹೊಲಕ್ಕೆ ಕೂಲಿಗೆ ಬಿಟ್ಟರೆ ಮಾತ್ರ ತೋಟದ ಹೆಸರು ಹೋಗುತ್ತದೆ!

"ಜನ ಏನಂತಾರೆ ರೈಟ್ರೆ? ಇವ್ರು ಮುಳುಗಿಹೋದ್ರು ಅಂತಾರೆ."

"ಅನ್ನೋರೂ ಅದೇ ನೀರಲ್ಲೇ ಅವ್ರಲ್ಲ ಗೌಡ್ರೆ."

"ಕರ್ಕೊಂಡ್ ಹೋಗೋರು ಯಾರು?"

"ನಾನೇ. ನಾನ್ ಮಾಡ್ದಿರೋ ಕೆಲಸಕ್ಕೆ ಅವ್ರನ್ನ ಯಾವ ಬಾಯಲ್ಲಿ ಕಳಿಸ್ಲಿ?"

ಮರುದಿನ ಬೆಳಗ್ಗೆ ನಾನು ಕಾಫಿ ಲೋಟ ಹಿಡಿದು ಜಗಲಿಯ ತುದಿಯಲ್ಲಿ ನಿಂತಿದ್ದೆ. ಸ್ಟೋರಿನ ಮುಂದೆ ಎಂಟೂ ಮನೆಯವರು ಸೇರಿದ್ದರು. ರೈಟರು ಏನನ್ನೂ ಮುಚ್ಚಿಡಲಿಲ್ಲ. ಬೆಲೆ ಬಿದ್ದಿದೆ, ನಾಲ್ಕು ಮನೆ ಕಳಿಸುವ ಮಾತು ಬಂದಿತ್ತು, ಈಗ ಹೀಗೊಂದು ದಾರಿ ಇದೆ, ಗೌಡರು ಒಪ್ಪಿದ್ದಾರೆ, ನೀವೇನಂತೀರಿ ಎಂದು ಕೇಳಿದರು. ಆಳುಗಳನ್ನು ಹಾಗೆ ಕೇಳುವುದನ್ನು ನಾನು ನೋಡಿದ್ದು ಅದೇ ಮೊದಲು.

"ಯಾವ ನಾಲ್ಕು ಮನೆ?" ಎಂದಿತು ಹಿಂದಿನಿಂದ ಒಂದು ದನಿ.

"ಅದು ಮುಗಿದ ಮಾತು. ಯಾವ ಹೆಸ್ರೂ ಇಲ್ಲ" ಎಂದರು ರೈಟರು. ಹೆಸರುಗಳು ಆಗ ಅವರ ಜೇಬಿನಲ್ಲೇ ಇದ್ದವು, ನನ್ನ ಅಕ್ಷರದಲ್ಲಿ. ಅವನ್ನು ಅವರು ಕೊನೆಯವರೆಗೂ ಯಾರಿಗೂ ಹೇಳಲಿಲ್ಲ.

ಲೈನಿನಲ್ಲಿ ಎಲ್ಲರಿಗಿಂತ ಬಾಯಿ ಜೋರಿನವಳು ಲಕ್ಕಮ್ಮ. ಅವಳು ಸೊಂಟಕ್ಕೆ ಕೈಯಿಟ್ಟು, "ನಾವೇನೋ ಬತ್ತೀವಿ ಕಣ್ರೀ ರೈಟ್ರೆ. ನಿಮ್ ಸೊಂಟ ಬಗ್ತದಾ? ಪೆನ್ಸಿಲ್ ಹಿಡ್ದಂಗಲ್ಲ ಗುದ್ಲಿ ಹಿಡಿಯೋದು" ಎಂದಳು.

"ಬಗ್ಗಿದ್ಮೇಲೆ ಏಳ್ದಿದ್ರೆ ನೀನೇ ಎತ್ತು ಮಾರಾಯ್ತಿ" ಎಂದರು ರೈಟರು. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಕೆಲಸ ತೀರ್ಮಾನವಾಗಿಹೋಯಿತು.

ಅವರು ನಿಜವಾಗಿಯೂ ಬಗ್ಗಿದರು. ಅದನ್ನು ನಾನು ಕಣ್ಣಾರೆ ಕಂಡೆ. ನೆಂಟರ ಮನೆಯ ಸಮಾರಂಭಕ್ಕೆಂದು ನಾನು ಮತ್ತು ನನ್ನ ಇಬ್ಬರು ವಾರಗಿತ್ತಿಯರು ಬಸ್ಸಿನಲ್ಲಿ ಹೋಗುತ್ತಿದ್ದೆವು. ಕುಂದೂರಿನ ಈಚೆ ಬಸ್ಸು ನಿಂತಿತು. ರಸ್ತೆಯ ಪಕ್ಕದಲ್ಲೇ ಹೊಲ. ನಮ್ಮ ಲೈನಿನವರ ಸಾಲು, ಅವರ ನಡುವೆ ರೈಟರು. ಶೂಗಳನ್ನು ಬದುವಿನ ಮೇಲೆ ಜೋಡಿಸಿಟ್ಟಿದ್ದರು. ಛತ್ರಿ ಮಾತ್ರ ಕಾಲರಿನಲ್ಲಿ ಹಾಗೇ ಇತ್ತು. ತಲೆಯೆತ್ತಿದವರು ನನ್ನನ್ನು ಕಂಡು, ಸ್ಟೋರಿನ ಮುಂದೆ ಎತ್ತುವಂತೆಯೇ ಕೈ ಎತ್ತಿದರು. ಪಕ್ಕದಲ್ಲಿ ವಾರಗಿತ್ತಿಯರಿದ್ದರು... ನಾನು ಸೆರಗು ಸರಿಮಾಡಿಕೊಳ್ಳುವವಳಂತೆ ಮುಖ ತಿರುಗಿಸಿದೆ. ಬಸ್ಸು ಹೊರಟಿತು. ಮರುದಿನ ಸಿಕ್ಕಾಗ ಅವರು ಆ ವಿಷಯ ಎತ್ತಲಿಲ್ಲ. "ಸಮಾರಂಭ ಚೆನ್ನಾಗಾಯ್ತಾ ಅಮ್ಮಾರೆ?" ಎಂದಷ್ಟೇ ಕೇಳಿದರು.

ಹೀಗೆ ಒಂದು ವರ್ಷ ದಾಟಿತು. ತಪ್ಪು ನಡೆದದ್ದು ಎರಡನೇ ವರ್ಷದ ಬೇಸಿಗೆಯಲ್ಲಿ.

ಅರೇಬಿಕಾ ಗಿಡಕ್ಕೆ ಬೋರರ್ ಎಂಬ ಹುಳದ ಕಾಟ. ಕಾಂಡದೊಳಗೆ ಸೇರಿ ಕೊರೆಯುತ್ತದೆ. ಬೇಸಿಗೆಯಲ್ಲಿ ದುಂಬಿಯಾಗಿ ಹೊರಬಂದು ಹಾರುವುದಕ್ಕೆ ಮೊದಲೇ, ಹುಳ ಹಿಡಿದ ಗಿಡಗಳನ್ನು ಒಂದೊಂದಾಗಿ ಹುಡುಕಿ, ಕಿತ್ತು ಸುಡಬೇಕು. ಒಂದು ವಾರ ತಡವಾದರೂ ಅಕ್ಕಪಕ್ಕದ ಗಿಡಗಳಿಗೆ ಹರಡುತ್ತದೆ. ಶುಂಠಿ ನೆಡುವ ಕಾಲವೂ ಸರಿಯಾಗಿ ಅದೇ.

ಅಂದು ನಾನು ಅಡುಗೆಮನೆಯಲ್ಲಿ ಹಲಸಿನಕಾಯಿ ಹಪ್ಪಳಕ್ಕೆ ಬೇಯಿಸುತ್ತಿದ್ದೆ. ಕಿಟಕಿಯಾಚೆ ರೈಟರ ದನಿ. "ಗೌಡ್ರೆ, ಈ ವಾರ ಶುಂಠಿಗೆ ಬ್ಯಾಡ. ಮೂರು ದಿನ ಸಾಲಾಕಿಲ್ಲ, ಆರೂ ದಿನ ಕೆರೆ ಪಕ್ಕದ ಅರೇಬಿಕಾದಲ್ಲಿ ಬೋರರ್ ನೋಡ್ಬುಡಾಣ."

"ಒಂದ್ ವಾರಕ್ಕೆ ಏನಾಗ್ತದ್ರಿ? ಅವ್ರಿಗೆ ಮಾತು ಕೊಟ್ಟಿದೀರಿ, ಹೋಗ್ಬನ್ನಿ. ಬಂದ್ಮೇಲೆ ನೋಡಾಣ" ಎಂದರು ಯಜಮಾನರು. ಮೊದಲು ಮರ್ಯಾದೆ ಎಂದಿದ್ದವರಿಗೆ ಅಷ್ಟು ಹೊತ್ತಿಗೆ ಆ ಮೂರು ದಿನದ ಸಂಬಳ ಉಳಿಯುವುದು ಹಿತವಾಗಿತ್ತು.

ಒಂದು ವಾರ ಎರಡಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕೆರೆ ಪಕ್ಕದ ಅರೇಬಿಕಾ ಅಲ್ಲಲ್ಲಿ ಹಳದಿಯಾಗತೊಡಗಿತು. ನಮ್ಮ ಮಾವನವರು ಕೈಯಾರೆ ನೆಟ್ಟ ಗಿಡಗಳು. ಅವನ್ನು ನೋಡಿಕೊಂಡು ಬಂದ ಬೆಳಗ್ಗೆ ಯಜಮಾನರು ಸ್ಟೋರಿನ ಮುಂದೆ, ಎಲ್ಲ ಆಳುಗಳೆದುರೇ ಕೂಗಾಡಿದರು. "ಊರೋರ ಹೊಲ ಉದ್ಧಾರ ಮಾಡೋಕೆ ಹೋಗಿ ನನ್ ತೋಟ ಹಾಳ್ಮಾಡ್ಬುಟ್ರಿ!"

ರೈಟರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಜೇಬಿಗಿಟ್ಟರು. ಆಳುಗಳ ಕಡೆ ತಿರುಗಿ, "ಗೌಡ್ರು ಹೇಳೋದು ಸರಿ. ಬೋರರ್ ಹುಡ್ಕೋ ಟೈಮಲ್ಲಿ ನಿಮ್ನ ಶುಂಠಿಗೆ ಕರ್ಕೊಂಡ್ಹೋಗಿದ್ದು ನಾನು. ತಪ್ಪು ನಂದು, ನಿಮ್ದಲ್ಲ. ಇವತ್ತಿಂದ ಕೆರೆ ಪಕ್ಕ ಒಂದೊಂದು ಗಿಡಾನೂ ನೋಡಾಣ" ಎಂದರು. ಇಷ್ಟೇ. ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ನಾನು ಯಜಮಾನರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಈಗ ಹೇಳುತ್ತಾರೆ, ಇನ್ನೊಂದು ಗಳಿಗೆಗೆ ಹೇಳುತ್ತಾರೆ ಎಂದು ನಿಂತೇ ಇದ್ದೆ... ಆಳುಗಳು ಕತ್ತಿ ಹಿಡಿದು ಕೆರೆಯ ಕಡೆ ಹೊರಟರು. ಯಜಮಾನರು ಒಳಗೆ ಬಂದು ತಿಂಡಿ ಕೇಳಿದರು. ನಾನು ರೊಟ್ಟಿ ಬಡಿಸಿದೆ.

ಆ ವರ್ಷದ ಕಾಫಿ ಕುಯ್ಲು ಮುಗಿದ ದಿನ ವಾಡಿಕೆಯಂತೆ ಆಳುಗಳಿಗೆ ಮಾಂಸದೂಟ. ರೈಟರು ಎಲ್ಲ ಎಲೆಗಳಿಗೂ ತಾವೇ ಬಡಿಸಿದರು. ಮರುದಿನ ಬೆಳಗ್ಗೆ ಸ್ಟೋರಿನ ಬೀಗದ ಕೈಯನ್ನೂ ಹಾಜರಿ ಪುಸ್ತಕವನ್ನೂ ಜಗಲಿಯ ಮೇಜಿನ ಮೇಲಿಟ್ಟು, ಊರಿನಲ್ಲಿ ತಾಯಿಗೆ ವಯಸ್ಸಾಯಿತು, ಇದ್ದ ಹೊಲ ನೋಡಿಕೊಳ್ಳುತ್ತೇನೆ ಎಂದರು. ಯಜಮಾನರು "ಸರಿ ರೈಟ್ರೆ" ಎಂದರು. ನಾನು ಒಂದು ಡಬ್ಬಿ ಹಪ್ಪಳ ಕೊಟ್ಟೆ. ಹೇಳಬೇಕಾದ ಮಾತು ಬಾಯಿಯವರೆಗೂ ಬಂದಿತ್ತು. ಡಬ್ಬಿಯ ಮುಚ್ಚಳ ಸಡಿಲ ಇದೆ, ಬಸ್ಸಿನಲ್ಲಿ ಜೋಪಾನ ಎಂದೆ.

ಮುಂದೆ ಬೆಲೆ ಏರಿತು, ಅವರು ಹೇಳಿದಂತೆಯೇ. ಲೈನು ಖಾಲಿ ಮಾಡಿದ್ದ ತೋಟಗಳಲ್ಲಿ ಕುಯ್ಯುವವರಿಲ್ಲದೆ ಹಣ್ಣು ನೆಲಕ್ಕುದುರುತ್ತಿದ್ದಾಗ ನಮ್ಮಲ್ಲಿ ಎಂಟು ಮನೆಯ ಜನ ಹೊತ್ತಿಗೆ ಸರಿಯಾಗಿ ಕುಯ್ದು ಮುಗಿಸಿದರು. ಯಜಮಾನರು ದೂರದೃಷ್ಟಿಯವರೆಂದು ಹೆಸರಾಯಿತು. ಒಮ್ಮೆ ಹೊಸಕೋಟೆಗೆ ಹೋಗಿ ರೈಟರನ್ನು ಕರೆದುಕೊಂಡು ಬರಬೇಕು ಎಂದು ಅವರು ಅಂದದ್ದುಂಟು. ಮಳೆ ಕಳೆಯಲಿ, ಕುಯ್ಲು ಮುಗಿಯಲಿ ಎನ್ನುತ್ತ ವರ್ಷಗಳು ಹೋದವು. ಒಂದು ದಿನ ಲಕ್ಕಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು, "ರೈಟ್ರು ಹೋಗ್ಬುಟ್ರಂತೆ ಅಮ್ಮಾರೆ. ಹೋಗಿ ತಿಂಗ್ಳಾಯ್ತಂತೆ" ಎಂದಳು. ಒಲೆಯ ಮೇಲೆ ಹಾಲಿತ್ತು. ಉಕ್ಕಿ ಹರಿದದ್ದು ಆಮೇಲೆ ಗೊತ್ತಾಯಿತು.

ಮೊನ್ನೆ ಭಾನುವಾರ ಆಲೂರಿನಲ್ಲಿ ಬೆಳೆಗಾರರ ಸಭೆ. ಕಷ್ಟದ ವರ್ಷಗಳಲ್ಲಿ ಒಬ್ಬ ಆಳನ್ನೂ ಕೈಬಿಡದವರು ಎಂದು ನಮ್ಮ ಯಜಮಾನರಿಗೆ ಶಾಲು ಹೊದಿಸಿದರು. ಹೊಸದಾಗಿ ತೋಟಕ್ಕಿಳಿದವರಿಗೆ ನಾಲ್ಕು ಮಾತು ಹೇಳಿ ಎಂದರು. ಅವರು ಎದ್ದು ಮೈಕಿನ ಮುಂದೆ ನಿಂತರು.

"ನಾಲ್ಕು ಮನೆ ಕಳಿಸೋಕೆ ಹೊರಟೋನು ನಾನೇ. ತಡೆದೋರು ನಮ್ಮ ರೈಟ್ರು" ಎಂದರು. "ಆಮೇಲೆ ಬೋರರ್ ಬಂದು ಅರೇಬಿಕಾ ಹೋಯ್ತು. ಈ ವಾರ ಬ್ಯಾಡ ಅಂತ ಅವ್ರಂದಿದ್ರು, ಹೋಗಿ ಅಂದೋನು ನಾನು. ತಪ್ಪು ತಮ್ದು ಅಂತ ಅವ್ರು ಹತ್ತು ಜನದ ಮುಂದೆ ಹೇಳಿದ್ರು. ನಾನು ಸುಮ್ನಿದ್ದೆ. ನನ್ ಹತ್ರ ಕಲಿಯೋ ಅಂಥದ್ದೇನಿಲ್ಲ. ಅವ್ರ ಹತ್ರ ಇತ್ತು."

ಸಭೆಯಲ್ಲಿ ಚಪ್ಪಾಳೆ ಬಂತು. ಆ ಚಪ್ಪಾಳೆಯನ್ನು ನನ್ನಿಂದ ಕೇಳಲಾಗಲಿಲ್ಲ.

ಬರುವಾಗ ಜೀಪಿನಲ್ಲಿ ನಾವಿಬ್ಬರೇ. ಕೆ. ಹೊಸಕೋಟೆಗೆ ಹೋಗುವ ದಾರಿ ಕವಲೊಡೆಯುವಲ್ಲಿ ಯಜಮಾನರು ಗೇರ್ ಇಳಿಸಿದರು. ನಿಲ್ಲಿಸಲಿಲ್ಲ.

"ಅವತ್ತು ಶುಂಠಿಗೆ ಹೋಗಿ ಅಂತ ನಾನಂದಿದ್ದು ನಿಂಗೂ ಕೇಳಿಸಿತ್ತಲ್ವಾ?"

"ಹೂಂ. ಅಡುಗೆಮನೇಲಿದ್ದೆ."

"ಮತ್ಯಾಕೆ ಒಂದ್ ಮಾತೂ ಆಡ್ಲಿಲ್ಲ?"

"ನೀವೇ ಹೇಳ್ತೀರಿ ಅಂತ ಕಾಯ್ತಿದ್ದೆ" ಎಂದೆ.

ಯಜಮಾನರು ಮತ್ತೆ ಗೇರ್ ಏರಿಸಿದರು.

"ರೈಟ್ರೂ ಕಾದಿರ್ಬೇಕು" ಎಂದರು.