ಮಂಡಿಯ ಮಾತ್ರೆ

ಮೊದಲು ಬಂದದ್ದು ಆಕಳಿಕೆ.

ನಮ್ಮ ಯಜಮಾನರು ಬೆಳಗ್ಗೆ ಎದ್ದು ಕೂತರೆ ಸಾಕು, ಆಕಳಿಸಿ ಆಕಳಿಸಿ ಕಣ್ಣಲ್ಲಿ ನೀರು. ಮೂಗು ಸೋರುತ್ತಿತ್ತು. ಬಿಸಿಲಲ್ಲೂ ಮೈ ಜುಮ್ಮೆಂದು ರೋಮ ಎದ್ದು ನಿಲ್ಲುತ್ತಿತ್ತು. "ಯಾರದೋ ಕೆಟ್ ಕಣ್ಣು ಕಣೇ," ಅಂದರು ಅತ್ತೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಸಂಜೆ ಮಂಡಿಯಿಂದ ಬಂದಾಗ ಆಸಾಮಿ ಲವಲವಿಕೆಯಿಂದ ಇದ್ದರು. ನಾನೂ ನಂಬಿದೆ. ದಿನಾ ನಿವಾಳಿಸಿದ್ದೇ ನಿವಾಳಿಸಿದ್ದು!

ಯಶವಂತಪುರದ ಮಂಡಿಯಲ್ಲಿ ಅವರು ಈರುಳ್ಳಿ ಮೂಟೆ ಹೊರುವವರು. ಸೊಂಟನೋವಿಗೆ ಮಾತ್ರೆ ನುಂಗುತ್ತಾರೆ ಅಂತ ಗೊತ್ತಿತ್ತು. ಅಲ್ಲಿ ಎಲ್ಲರೂ ಬೀಡಿ ಹಂಚಿಕೊಂಡ ಹಾಗೆ ಟೀ ಜೊತೆ ಮಾತ್ರೆ ಹಂಚಿಕೊಳ್ಳುತ್ತಾರೆ. ಯಾವ ಡಾಕ್ಟರೂ ಬರೆದುಕೊಡದ ಆ ಬಿಡಿ ಮಾತ್ರೆಗಳನ್ನು ಯಾರೋ ಕದ್ದು ತಂದು ಮಾರುತ್ತಿದ್ದರು ಅಂತ ಮಾತ್ರ ಗೊತ್ತಿರಲಿಲ್ಲ.

ಒಂದು ಭಾನುವಾರ ಊಟ ಮಾಡಿ ಮಲಗಿದರು. ಜೋರು ಗೊರಕೆ. ಸದ್ಯ, ಕಣ್ತುಂಬ ನಿದ್ದೆ ಬಂತಲ್ಲ ಅಂತ ಟಿವಿ ಆರಿಸಿದೆ. ಗೊರಕೆ ಗೊರಗೊರ ಅನ್ನತೊಡಗಿತು. ಆಮೇಲೆ ನಡುನಡುವೆ ನಿಂತಿತು. ಹತ್ತಿರ ಹೋಗಿ ನೋಡಿದೆ.

ತುಟಿ ನೀಲಿಗಟ್ಟಿತ್ತು.

ಅಲ್ಲಾಡಿಸಿದೆ, ಕೆನ್ನೆಗೆ ಬಾರಿಸಿದೆ. ಏಳಲಿಲ್ಲ. ಪಕ್ಕದ ಮನೆಯವರ ಆಟೋದಲ್ಲಿ ಹಾಕಿಕೊಂಡು ಓಡಿದೆವು. ದಾರಿಯುದ್ದಕ್ಕೂ "ಉಸಿರಾಡ್ರೀ, ಉಸಿರಾಡ್ರೀ" ಅಂತ ಕಿರುಚುತ್ತಲೇ ಇದ್ದೆ.

ಎಮರ್ಜೆನ್ಸಿಯ ಡಾಕ್ಟರು ಕಣ್ಣಿಗೆ ಟಾರ್ಚ್ ಹಾಕಿ ನೋಡಿದರು. "ಏನ್ ತಗೊಂಡಿದಾರಮ್ಮ? ಮುಚ್ಚಿಡ್ಬೇಡಿ."

"ಊಟ ಹೆಚ್ಚುಕಮ್ಮಿ ಆಗಿದೆ, ಅಷ್ಟೇ," ಅಂದುಬಿಟ್ಟರು ಅತ್ತೆ. ಮಾನ ಹೋಗುತ್ತೆ ಅಂತ ಭಯ ಅವರಿಗೆ.

ನನಗೆ ರೇಗಿಹೋಯಿತು. "ಅತ್ತೆ, ನೀವು ಸುಮ್ನಿರಿ! ಮಂಡೀಲಿ ಯಾವ್ದೋ ಮಾತ್ರೆ ತಗೋತಾರೆ ಸಾರ್."

"ಓಪಿಯಾಯ್ಡ್. ಅಫೀಮಿನ ಜಾತೀದು. ಜಾಸ್ತಿ ಆದ್ರೆ ಉಸಿರೇ ನಿಂತ್ಹೋಗುತ್ತೆ," ಅಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಾಕಿದರು. ಸ್ವಲ್ಪ ಹೊತ್ತಿಗೆ ಯಜಮಾನರು ಕಣ್ಣು ಬಿಟ್ಟರು. ಬೆಳಗಿನ ಆಕಳಿಕೆ, ಮೈ ಜುಮ್ಮೆನ್ನುವುದು, ಇದೆಲ್ಲ ದೇಹ ಮಾತ್ರೆ ಕೇಳುತ್ತಿದ್ದ ಲಕ್ಷಣ ಅಂತ ಡಾಕ್ಟರು ಹೇಳಿದಾಗ ಅತ್ತೆಯ ಮುಖ ನೋಡಲಾಗಲಿಲ್ಲ, ಯಾಕೆಂದರೆ ದಿನಾ ನಿವಾಳಿಸಲು ಮೆಣಸಿನಕಾಯಿ ತಂದುಕೊಟ್ಟವಳು ನಾನೇ.

ಈಗ ಆಸ್ಪತ್ರೆಯಲ್ಲಿ ಚಟ ಬಿಡಿಸುವ ಡಿ-ಅಡಿಕ್ಷನ್ ಓಪಿಡಿಗೆ ಹೋಗುತ್ತಿದ್ದೇವೆ. ಕೆಲವು ದಿನ ಯಜಮಾನರು ನನ್ನ ಮೇಲೆ ಹರಿಹಾಯುತ್ತಾರೆ. ಗೆದ್ದೆವು ಅಂತ ಹೇಳುವ ಧೈರ್ಯ ನನಗಿಲ್ಲ. ಉಸಿರಾಡುತ್ತಿದ್ದಾರೆ, ಸದ್ಯಕ್ಕೆ ಅಷ್ಟು ಸಾಕು.

ಮೊನ್ನೆ ಮಂಡಿಯ ಗೆಳೆಯರು ಬ್ರೆಡ್ಡು, ಎಳನೀರು ಹಿಡಿದು ನೋಡಲು ಬಂದರು. "ಏನಾಯ್ತು ಗುರು?"

"ಲೋ ಬಿಪಿ ಕಣಪ್ಪ," ಅಂದರು ಅತ್ತೆ.

ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಅದು ಯಜಮಾನರೇ ಹೇಳಬೇಕಾದ ಮಾತು. ಅವರು ತಲೆ ತಗ್ಗಿಸಿ ಕೂತರು. ಆಮೇಲೆ ಮೆಲ್ಲಗೆ, "ಬಿಪಿ ಅಲ್ಲ ಕಣ್ರೋ. ಆ ಮಾತ್ರೆ. ಸತ್ತೇ ಹೋಗಿದ್ದೆ ನಾನು," ಅಂದರು.

ಬಾಗಿಲ ಹತ್ತಿರ ಕೂತಿದ್ದ ಅವರ ಗೆಳೆಯ ರಾಜಣ್ಣ ಇದ್ದಕ್ಕಿದ್ದ ಹಾಗೆ ಮುಖ ಮುಚ್ಚಿಕೊಂಡ. "ನನ್ ಕೈಲೂ ಬಿಡಕ್ಕಾಗ್ತಿಲ್ಲ ಗುರು."

ಅತ್ತೆ ಎದ್ದು ಹೋಗಿ ಅವನ ಪಕ್ಕ ಕೂತರು. ಬೆನ್ನ ಮೇಲೆ ಕೈಯಿಟ್ಟು, "ನಾಳೆ ಇವನ ಜೊತೆ ನೀನೂ ಆಸ್ಪತ್ರೆಗೆ ನಡಿಯಪ್ಪ," ಅಂದರು.