ತಂಬೂರಿಯ ಗಾಂಧಾರ

ಮಾಟ, ಭಾನಾಮತಿ ಎಂದು ಹೇಳುತ್ತ ಬಂದವರನ್ನು ಎದುರಿಗೇ ನಕ್ಕು ಕಳಿಸುತ್ತಿದ್ದವಳು ನಾನು. ಈಗಲೂ ಅವನ್ನು ನಂಬುವುದಿಲ್ಲ. ಆದರೆ ಮೊದಲಿನಂತೆ ನಗಲು ಆಗುವುದಿಲ್ಲ.

ಎಪ್ಪತ್ತರ ದಶಕದ ಕೊನೆ. ಬಾಗಲಕೋಟೆಯ ನಮ್ಮ ಮನೆಗೆ ಇಳಕಲ್ಲಿನಿಂದ ತಮ್ಮನ ಹೆಂಡತಿಯಾಗಿ ನೀಲವ್ವ ಬಂದಳು. ರೊಟ್ಟಿ ಬಡಿಯುತ್ತ ತವರಿನ ಬೀಸುವ ಪದ ಹೇಳುವುದು ಅವಳ ರೂಢಿ. ಅವಳ ಗಾಂಧಾರ ಸ್ವರ ಕೋಮಲವೂ ಅಲ್ಲ, ಶುದ್ಧವೂ ಅಲ್ಲ. ಹಾರ್ಮೋನಿಯಂನ ಕರಿಪಟ್ಟಿಗೂ ಬಿಳಿಪಟ್ಟಿಗೂ ನಡುವೆ ಎಲ್ಲೋ ಹೋಗಿ ಕೂಡುತ್ತಿತ್ತು. ಆಗೊಮ್ಮೆ ಈಗೊಮ್ಮೆ ಜಾರಿದ್ದರೆ ಸಹಿಸಬಹುದಿತ್ತು. ಪ್ರತಿ ಸಲವೂ ಅದೇ ಜಾಗ, ಅಲುಗಾಡದೆ. ಸಂಗೀತ ಕಲಿತ ನನಗೆ ಅದು ಅನ್ನದಲ್ಲಿ ಹಲ್ಲಿಗೆ ಸಿಕ್ಕ ಕಲ್ಲಿನಂತೆ. ಒಂದು ದಿನ ಬೀಗರ ಮುಂದೆಯೇ, ಈ ಮನೆಯಲ್ಲಿ ಇನ್ನು ಹಾಡಬೇಡ ಎಂದುಬಿಟ್ಟೆ. ಅವಳು ಹಾಡು ನಿಲ್ಲಿಸಿದಳು, ನನ್ನೊಡನೆ ಮಾತನ್ನೂ ನಿಲ್ಲಿಸಿದಳು.

ಕೆಲವು ತಿಂಗಳಾದ ಮೇಲೆ ಬಾದಾಮಿಯ ಮಠವೊಂದರಲ್ಲಿ ನನ್ನ ಹಾಡಿಕೆ ಇತ್ತು. ನಮ್ಮೂರ ವಿದ್ಯಾಗಿರಿಯ ಶಾಲೆಯೊಂದರ ಹಿರಿಯರು ಕೇಳಲು ಬರುವವರಿದ್ದರು. ಅವರು ಮೆಚ್ಚಿದರೆ ಸಂಗೀತ ಶಿಕ್ಷಕಿಯ ಕೆಲಸ ನನ್ನದು. ತಂಬೂರಿ ಹಿಡಿಯಬೇಕಿದ್ದ ಗೆಳತಿಗೆ ಜ್ವರ. ತಮ್ಮ ಕಾಡಿ ಬೇಡಿ ನೀಲವ್ವನನ್ನು ಒಪ್ಪಿಸಿದ. ತಂತಿಗಳನ್ನು ನಾನೇ ಶ್ರುತಿ ಮಾಡಿ ಅವಳ ಕೈಗೆ ಕೊಟ್ಟೆ.

ತಂಬೂರಿಗೆ ಕಟ್ಟುವುದು ಷಡ್ಜ, ಪಂಚಮದ ತಂತಿ ಮಾತ್ರ. ಆದರೂ ಶ್ರುತಿ ಸರಿಯಾಗಿ ಸೇರಿದರೆ ಅದರೊಳಗಿಂದ ಶುದ್ಧ ಗಾಂಧಾರ ತಾನಾಗಿಯೇ ಏಳುತ್ತದೆ; ಹಾಡುವವರಿಗೆಲ್ಲ ಇದು ಗೊತ್ತು. ಅಂದು ನಾನು ಶುದ್ಧ ಗಾಂಧಾರವೇ ಜೀವವಾದ ಭೂಪ ರಾಗ ಎತ್ತಿಕೊಂಡೆ. ಬೆನ್ನ ಹಿಂದೆ ಎದ್ದದ್ದು ನೀಲವ್ವನ ಗಾಂಧಾರ. ತಿರುಗಿ ನೋಡಿದರೆ ಅವಳ ತುಟಿ ಮುಚ್ಚಿತ್ತು. ಹಾಡು ನಿಲ್ಲಿಸಿ ಮತ್ತೆ ಶ್ರುತಿ ಮಾಡಿದೆ. ಅದೇ ಸ್ವರ. ತಂಬೂರಿಯನ್ನು ಕಸಿದುಕೊಂಡು ನಾನೇ ಮೀಟಿದೆ. ಆಗಲೂ ಅದೇ, ಮತ್ತು ನನ್ನ ಗಂಟಲೂ ಅದರ ಬೆನ್ನು ಹತ್ತಿತು. ಶಾಲೆಯ ಹಿರಿಯರು ಎದ್ದು ಹೋದರು, ಕೆಲಸವೂ ಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ಅವಳ ರಟ್ಟೆ ಹಿಡಿದು, ಏನು ಮಾಡಿದೆ ಹೇಳು ಎಂದು ಕೇಳಿದೆ. ಅವಳು ಮೆಲ್ಲಗೆ ಕೈ ಬಿಡಿಸಿಕೊಂಡು ತಂಬೂರಿಯತ್ತ ಕಣ್ಣು ಹಾಯಿಸಿದಳು.

"ನನ್ನ ಬಾಯಿ ಮುಚ್ಚಿಸಿದ್ರಿ ಅಕ್ಕಾರ. ಈಗ ಅದರ ಬಾಯೀನೂ ಮುಚ್ಚಸ್ರಿ, ನೋಡೋಣು."

ತಂಬೂರಿಯನ್ನು ಮಿರಜಿಗೆ ಒಯ್ದು ತೋರಿಸಿದೆ. ತಂಬೂರಿ ಮಾಡುವವರು ತಂತಿ ಬದಲಿಸಿ, ಯಾವ ಕುಂದೂ ಇಲ್ಲ ಎಂದರು. ಅವರ ಕೈಯಲ್ಲಿ ಶುದ್ಧ ಗಾಂಧಾರವೇ ನುಡಿಯಿತು, ನನ್ನ ಕಿವಿಯಾರೆ ಕೇಳಿದೆ. ಮನೆಗೆ ತಂದು ನಾನು ಮೀಟಿದರೆ ಮತ್ತೆ ಆ ನಡುವಿನದು. ಗವಸು ಹಾಕಿ ಮೂಲೆಗಿಟ್ಟವಳು ಈವರೆಗೆ ಬಿಚ್ಚಿಲ್ಲ.

ನೀಲವ್ವ ಮತ್ತೆ ಹಾಡುತ್ತಾಳೆ, ನನಗೆ ಕೇಳಲೆಂದೇ ತುಸು ಗಟ್ಟಿಯಾಗಿ. ಅದೇ ಗಾಂಧಾರ. ಮೈಯೆಲ್ಲ ಉರಿಯುತ್ತದೆ. ಆದರೆ ಸುಮ್ಮನಿರು ಎನ್ನಲು ನನಗೆ ಧೈರ್ಯವಿಲ್ಲ.